ಲ್ಯಾಪ್‌ಟಾಪ್ ಅತಿಯಾಗಿ ಬಿಸಿಯಾದಲ್ಲಿ ಅನುಸರಿಸಬೇಕಾದ ಕ್ರಮಗಳು: ನಾಗರಿಕರಿಗೆ ಮಾಹಿತಿ

ಆನ್‌ಲೈನ್ ಮೂಲಕ ಅರ್ಜಿ ಭರ್ತಿ ಮಾಡುತ್ತಿರುವಾಗ ಲ್ಯಾಪ್‌ಟಾಪ್ ಗಣಕಯಂತ್ರವು ಬಿಸಿಯಾಗಿ ತಾನಾಗಿಯೇ ಸ್ಥಗಿತಗೊಂಡರೆ, ಅದುವರೆಗೆ ನಮೂದಿಸಿದ ವಿವರಗಳು ನಷ್ಟವಾಗಬಹುದು. ಯಂತ್ರ ಕೆಟ್ಟಿತೆಂದು ಗಾಬರಿಯಾಗುವ ಅಗತ್ಯವಿಲ್ಲ. ಪ್ರೊಸೆಸರ್‌ನ ಉಷ್ಣತೆಯು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದಲ್ಲಿ ಯಂತ್ರವು ಸ್ವರಕ್ಷಣೆಗಾಗಿ ಸ್ಥಗಿತಗೊಳ್ಳುತ್ತದೆ. ಆದುದರಿಂದ ಕೂಡಲೇ ಮತ್ತೆ ಚಾಲೂ ಮಾಡದೆ, ಪೂರ್ತಿ ತಣ್ಣಗಾಗುವವರೆಗೆ ಕಾಯತಕ್ಕದ್ದು.

ಸಾಮಾನ್ಯ ಕಾರಣಗಳು

ಒಳಗಿನ ಶಾಖವನ್ನು ತಾಮ್ರದ ಕೊಳವೆಯು ತೆಳುವಾದ ಲೋಹದ ಪಟ್ಟಿಗಳಿಗೆ ಸಾಗಿಸುತ್ತದೆ. ಸಣ್ಣ ಫ್ಯಾನು ಆ ಶಾಖವನ್ನು ಹೊರದೂಡುತ್ತದೆ. ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಗಾಳಿ ಒಳಬರುವ ಕಿಂಡಿಗಳಿರುವುದು ತಳಭಾಗದಲ್ಲಿ. ಹಾಸಿಗೆ, ದಿಂಬುಗಳ ಮೇಲೆ ಇಟ್ಟಾಗ ಇವು ಮುಚ್ಚಿಹೋಗುತ್ತವೆ. ಗಟ್ಟಿಯಾದ ಸಮತಟ್ಟು ಮೇಜೇ ಸೂಕ್ತ. ಹಲವು ತಯಾರಕರು ಬಳಕೆಗೆ ಸೂಚಿಸುವ ಪರಿಸರದ ಗರಿಷ್ಠ ಉಷ್ಣತೆ 35 ಡಿಗ್ರಿ. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಇದು 40 ದಾಟುವುದರಿಂದ, ದೀರ್ಘವಾದ ಅರ್ಜಿಗಳನ್ನು ಬೆಳಗಿನ ಹೊತ್ತು ಭರ್ತಿ ಮಾಡುವುದು ಒಳಿತು.

ಹಳೆಯ ಯಂತ್ರಗಳಲ್ಲಿ ಧೂಳೇ ಮುಖ್ಯ ಶತ್ರು. ಯಂತ್ರವನ್ನು ಸ್ಥಗಿತಗೊಳಿಸಿ, ಚಾರ್ಜರ್ ಕಳಚಿ, ಮೃದುವಾದ ಒಣ ಬ್ರಷ್‌ನಿಂದ ಕಿಂಡಿಗಳನ್ನು ಶುಚಿಗೊಳಿಸಬಹುದು. ಒದ್ದೆ ಬಟ್ಟೆ ಬಳಸಬಾರದು. ತಳವನ್ನು ಬಿಚ್ಚುವ ಕೆಲಸವನ್ನು, ವಿಶೇಷವಾಗಿ ವಾರಂಟಿ ಅವಧಿಯಲ್ಲಿ, ಅಧಿಕೃತ ಸೇವಾ ಕೇಂದ್ರಕ್ಕೇ ಬಿಡತಕ್ಕದ್ದು. ಕಿಂಡಿಗಳಲ್ಲಿ ಧೂಳು ತುಂಬಿರುವಾಗ ಮಾರುಕಟ್ಟೆಯಲ್ಲಿ ದೊರೆಯುವ ಕೂಲಿಂಗ್ ಪ್ಯಾಡ್‌ಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಬ್ಯಾಟರಿ ಉಬ್ಬಿದಲ್ಲಿ

ಇದು ಮೇಲಿನವುಗಳಿಗಿಂತ ಬೇರೆಯೇ ಆದ, ಗಂಭೀರ ಸ್ಥಿತಿ. ಟಚ್‌ಪ್ಯಾಡ್ ಅಥವಾ ಕೀಲಿಮಣೆ ಮೇಲೆದ್ದಿದ್ದರೆ, ತಳವು ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗಾಡಿದರೆ, ಅಸಹಜ ವಾಸನೆ ಬಂದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆಯಿದೆ. ತಕ್ಷಣ ಚಾರ್ಜಿಂಗ್ ನಿಲ್ಲಿಸಿ, ಯಂತ್ರವನ್ನು ಸ್ಥಗಿತಗೊಳಿಸಿ, ಬಟ್ಟೆ, ಕಾಗದಗಳಿಂದ ದೂರದಲ್ಲಿ ಇರಿಸುವುದು. ಉಬ್ಬನ್ನು ಒತ್ತುವುದಾಗಲೀ ಚುಚ್ಚುವುದಾಗಲೀ ಅತ್ಯಂತ ಅಪಾಯಕರ. ಲೀಥಿಯಂ ಬ್ಯಾಟರಿ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳಬಲ್ಲದು. 2006ರ ಆಗಸ್ಟ್‌ನಲ್ಲಿ ಡೆಲ್ ಸಂಸ್ಥೆಯು ಬೆಂಕಿಯ ಅಪಾಯದ ಕಾರಣಕ್ಕೇ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂಪಡೆಯಿತು. ಹೊಗೆ ಕಂಡೊಡನೆ ಮನೆಯವರೆಲ್ಲರೂ ಹೊರಬಂದು 112ಕ್ಕೆ ಕರೆ ಮಾಡತಕ್ಕದ್ದು.

ಬದಲಿ ಬ್ಯಾಟರಿ ಅಥವಾ ಚಾರ್ಜರ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಗಮನಿಸುವುದು. ಸದರಿ ಸಂಖ್ಯೆಯನ್ನು ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಪ್ರತ್ಯೇಕವಾಗಿ ಸಂಗ್ರಹಣೆಗೆ ನೀಡಬೇಕು.

ದೂರು ಸಲ್ಲಿಕೆ

ವಾರಂಟಿಯಿದ್ದೂ ದುರಸ್ತಿ ನಿರಾಕರಿಸಲ್ಪಟ್ಟಲ್ಲಿ, ಖರೀದಿ ರಸೀದಿ ಮತ್ತು ಸೇವಾ ಕೇಂದ್ರ ನೀಡಿದ ಜಾಬ್ ಶೀಟ್‌ನೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಅಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ, ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತವು 5 ಲಕ್ಷ ರೂ. ಮೀರದಿದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ.