ಸಾಮ್ಯದಿಂದ ಬಾಳಿನ ಪಾಠಕ್ಕೆ: ಬೈಬಲ್ ಕಥನಗಳು ಮತ್ತು ಕನ್ನಡ ಜನಪದ ವಿವೇಕ

ಧರ್ಮಗ್ರಂಥವೊಂದು ಬೇರೊಂದು ಭಾಷೆಗೆ ಅನುವಾದಗೊಂಡ ಮಾತ್ರಕ್ಕೆ ಆ ಭಾಷೆಯ ಜನರ ಬದುಕಿನೊಳಗೆ ಪ್ರವೇಶ ಪಡೆಯುವುದಿಲ್ಲ. ಅಲ್ಲಿನ ಕಥೆಗಳು ಹೊಲ, ಅಡುಗೆಮನೆ, ಸಂತೆ, ದಾರಿಗಳ ಅನುಭವದೊಡನೆ ಬೆರೆತಾಗಲೇ ಅವು ಬಾಳಿನ ಪಾಠಗಳಾಗುತ್ತವೆ. ಕನ್ನಡ ನಾಡಿನಲ್ಲಿ ಬೈಬಲ್ ಕಥನಗಳು ಹೊಂದಿದ ರೂಪಾಂತರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯಕ. ಮಿಷನರಿಗಳ ಮುದ್ರಣ, ನಿಘಂಟು, ವ್ಯಾಕರಣಗಳ ಸೇವೆ ಸಾಕಷ್ಟು ಚರ್ಚೆಗೆ ಒಳಗಾಗಿದೆ. ಆ ಕಥೆಗಳನ್ನು ಕೇಳಿ ಅರ್ಥೈಸಿಕೊಂಡ ಅನಕ್ಷರಸ್ಥ ಜನಸಮುದಾಯದ ಪಾಲು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಕೈಗೊಂಡ ಕನ್ನಡ ಬೈಬಲ್ ಅನುವಾದ 1830ರ ದಶಕದ ಆರಂಭದ ವೇಳೆಗೆ ಪೂರ್ಣರೂಪ ಪಡೆಯಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು; 1841ರಲ್ಲಿ ಅಲ್ಲಿ ಮುದ್ರಣಾಲಯ ಸ್ಥಾಪನೆಯಾಯಿತು. ಅದೇ ಮಿಷನ್ನಿನ ವೈಗಲ್ ಅವರು ಬನ್ಯನ್ನನ ಕೃತಿಯನ್ನು ‘ಯಾತ್ರಿಕನ ಸಂಚಾರ’ವೆಂದು 1847ರಲ್ಲಿ ಕನ್ನಡಕ್ಕೆ ತಂದರು. ಮೊಗ್ಲಿಂಗ್ ಅವರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟೆಲ್ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಜನರಿಗೆ ಪರಿಚಿತವಾದ ರೂಪದಲ್ಲಿ ಹೇಳದಿದ್ದರೆ ಕಥೆ ನಾಟದು ಎಂಬ ಅರಿವು ಈ ಪ್ರಯತ್ನದ ಹಿಂದಿದೆ.

ಕ್ರಿಸ್ತನ ದೃಷ್ಟಾಂತ ಕಥೆಗಳಿಗೆ ಕನ್ನಡ ಬೈಬಲಿನಲ್ಲಿ ‘ಸಾಮ್ಯ’ ಎಂಬ ಹೆಸರಿದೆ. ಎರಡು ಬದುಕುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಸಾಮ್ಯ. ಬಿತ್ತುವವನ ಸಾಮ್ಯದಲ್ಲಿ ಬೀಜವು ದಾರಿಯ ಮೇಲೆ, ಬಂಡೆಯ ನೆಲದಲ್ಲಿ, ಮುಳ್ಳಿನ ನಡುವೆ, ಒಳ್ಳೆಯ ನೆಲದಲ್ಲಿ ಬೀಳುತ್ತದೆ. ಇದು ಕೈಯಿಂದ ಎರಚಿ ಬಿತ್ತುವ ನಾಡಿನ ಚಿತ್ರ. ಹೊಲವನ್ನು ಹರಗಿ, ಹದ ನೋಡಿ, ಕೂರಿಗೆಯಿಂದ ಸಾಲು ಹಿಡಿದು ಬಿತ್ತುವ ಬಯಲುಸೀಮೆಯ ಒಕ್ಕಲಿಗನಿಗೆ ದಾರಿಯ ಮೇಲೆ ಬೀಜ ಚೆಲ್ಲುವವನು ಅಜಾಗರೂಕನಾಗಿ ಕಾಣುವುದು ಸಹಜ. ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿ ನೆಲವು ಕೇಳುಗನ ಮನಸ್ಸು, ತಪ್ಪು ನೆಲದ್ದು. ಕೂರಿಗೆಯ ವಿವೇಕವಾದರೋ ನೆಲವನ್ನು ಹದಗೊಳಿಸುವ ಹೊಣೆ ಯಾರದೆಂದು ಕೇಳುತ್ತದೆ. ಇದರಿಂದ ಉಪದೇಶಿಸುವವನ ಮೇಲೂ ಕರ್ತವ್ಯ ಬೀಳುತ್ತದೆ. ಮಕ್ಕಳನ್ನು ಬೆಳೆಸುವವರಿಗೂ ಕಲಿಸುವವರಿಗೂ ಇದು ಅನ್ವಯಿಸುವ ಪಾಠ.

ಅಡುಗೆಮನೆಯ ಪದಗಳೂ ಇಂಥದೇ ಅರ್ಥಾಂತರವನ್ನು ತೋರುತ್ತವೆ. ಹೆಂಗಸೊಬ್ಬಳು ಹಿಟ್ಟಿನಲ್ಲಿ ಕಲಸಿಟ್ಟ ಕಿಣ್ವವನ್ನು ಅನುವಾದಕರು ‘ಹುಳಿಹಿಟ್ಟು’ ಎಂದರು. ಕನ್ನಡದ ಆಡುಮಾತಿನಲ್ಲಿ ‘ಹುಳಿ ಹಿಂಡುವುದು’ ಕೂಡಿದವರನ್ನು ಕೆಡಿಸುವ ಕೆಲಸ. ಆದರೆ ಹಿಂದಿನ ಇರುಳು ರುಬ್ಬಿಟ್ಟ ಹಿಟ್ಟು ಬೆಳಗಿಗೆ ಉಬ್ಬುವುದನ್ನು, ಒಂದು ಹನಿ ಹೆಪ್ಪಿನಿಂದ ಗಡಿಗೆಯ ಹಾಲು ಮೊಸರಾಗುವುದನ್ನು ದಿನವೂ ಕಾಣುವ ಗೃಹಿಣಿಗೆ ಈ ಸಾಮ್ಯದ ಮರ್ಮ ವಿವರಣೆಯಿಲ್ಲದೆ ತಿಳಿಯುವಂಥದು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ದಿನನಿತ್ಯದ ರೊಟ್ಟಿಯನ್ನು ಬೇಡುವಲ್ಲಿ ಕನ್ನಡವು ‘ಆಹಾರ’ ಎಂಬ ಪದವನ್ನು ಬಳಸಿರುವುದೂ ಗಮನಾರ್ಹ. ಜೋಳದ ರೊಟ್ಟಿಯ ಧಾರವಾಡಕ್ಕೂ ಕುಚ್ಚಲಕ್ಕಿ ಗಂಜಿಯ ಕರಾವಳಿಗೂ ಈ ಒಂದು ಪದದಿಂದ ಬೇಡಿಕೆ ಸಮಾನವಾಯಿತು.

ಜ್ಞಾನೋಕ್ತಿಗಳ ಭಾಗಕ್ಕೂ ಕನ್ನಡ ಗಾದೆಗಳಿಗೂ ಇರುವ ನಂಟು ಇನ್ನಷ್ಟು ನಿಕಟವಾದುದು. ಸೋಮಾರಿಗೆ ಇರುವೆಯ ದುಡಿಮೆಯನ್ನು ತೋರಿಸುವ ಅಲ್ಲಿನ ಬುದ್ಧಿವಾದ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದವರಿಗೆ ಹೊಸದೇನಲ್ಲ. ಬಿತ್ತಿದ್ದನ್ನೇ ಕೊಯ್ಯಬೇಕೆಂಬ ಅಪೊಸ್ತಲ ಪೌಲನ ಮಾತಿಗೆ ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಮೊದಲೇ ಸಿದ್ಧವಾಗಿತ್ತು. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನಲ್ಲಿ ಪದಗಳ ಅರ್ಥಕ್ಕೆ ಗಾದೆಗಳು ಸಾಕ್ಷಿಯಾಗಿ ನಿಂತಿವೆ. ಬೋಧಿಸಲು ಬಂದವರು ಜನರ ನುಡಿಯಿಂದ ಕಲಿತರೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಆದರೆ ಈ ಕೊಡುಕೊಳೆ ನಷ್ಟವಿಲ್ಲದೆ ನಡೆದುದಲ್ಲ. ಗಾದೆಗಳನ್ನು ಆದರದಿಂದ ಕೂಡಿಹಾಕಿದ ಮಿಷನ್, ಮತಾಂತರಗೊಂಡವರು ಭೂತಾರಾಧನೆಯನ್ನು ತೊರೆಯಬೇಕೆಂದು ವಿಧಿಸಿತು. ಅದರೊಡನೆ ಪಾಡ್ದನ ಹಾಗೂ ಕೋಲದ ಕಲಾವರಣವೂ ಅವರಿಂದ ದೂರವಾಯಿತು. ಜಾತಿ ಬಿಟ್ಟವರಿಗೆ ಕುಲಕಸುಬು ಮತ್ತು ನೆಂಟಸ್ತಿಕೆ ಉಳಿಯುವುದು ದುಸ್ತರವಾಗಿತ್ತು. ಮಿಷನ್ನಿನ ನೇಯ್ಗೆಯ ಉದ್ಯಮ ಹಾಗೂ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಈ ಹಿನ್ನೆಲೆಯಲ್ಲಿ ಅನೇಕರಿಗೆ ಜೀವನಾಧಾರವಾದವು.

ಇಂಥ ಜನರ ನಡುವೆ ಸಮಾರ್ಯದವನ ಕಥೆ ವಿಶೇಷ ತೂಕ ಪಡೆಯುತ್ತದೆ. ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಓರೆಯಾಗಿ ಹೋಗುತ್ತಾರೆ. ಹೀನನೆನಿಸಿದ ಸಮಾರ್ಯದವನೇ ಅವನನ್ನು ಮುಟ್ಟಿ, ಗಾಯ ಕಟ್ಟಿ, ಛತ್ರಕ್ಕೆ ಒಯ್ಯುತ್ತಾನೆ. ಮುಟ್ಟುವುದೇ ಮೈಲಿಗೆಯೆನಿಸಿದ್ದ ಸಮಾಜದಲ್ಲಿ ‘ಮುಟ್ಟಿದನು’ ಎಂಬ ಕ್ರಿಯೆಯೇ ಕಥೆಯ ತಿರುಳು. ಕನ್ನಡಿಗರಿಗೆ ಛತ್ರವು ಧರ್ಮಕ್ಕೆ ಅನ್ನ, ಆಸರೆ ಸಿಗುವ ತಾಣ. ಇಲ್ಲಿಯಾದರೋ ಸಮಾರ್ಯದವನು ಕೈಯಿಂದ ಹಣ ಕೊಟ್ಟು, ಹೆಚ್ಚು ತಗುಲಿದರೆ ತಾನೇ ತೀರಿಸುವುದಾಗಿ ಹೇಳಿಹೋಗುತ್ತಾನೆ. ನೆರೆಯವನೆಂದರೆ ಪಕ್ಕದ ಮನೆಯವನಲ್ಲ, ಹೊಣೆ ಹೊರುವವನು ಎಂಬ ಪಾಠ ಇಲ್ಲಿದೆ. ನೆಂಟರನ್ನು ಕಳೆದುಕೊಂಡವರಿಗೆ ಇದು ನೀತಿಯಷ್ಟೇ ಅಲ್ಲ, ಬದುಕಿ ಉಳಿಯುವ ದಾರಿಯೂ ಹೌದು.

ಒಟ್ಟಿನಲ್ಲಿ, ಬೈಬಲಿನಿಂದ ನಿತ್ಯಜೀವನಕ್ಕೆ ದೊರೆತ ಪಾಠಗಳು ಗ್ರಂಥದಿಂದ ನೇರವಾಗಿ ಇಳಿದುಬಂದವಲ್ಲ. ಹೇಳಿದವರ ನಂಬಿಕೆ ಹಾಗೂ ಕೇಳಿದವರ ದುಡಿಮೆಯ ತಿಳಿವಳಿಕೆ ಕೂಡಿ ಅವು ರೂಪುಗೊಂಡವು. ಅನುವಾದಕರ ಹೆಸರುಗಳು ಮುಖಪುಟಗಳಲ್ಲಿ ದಾಖಲಾಗಿವೆ. ಅರ್ಥವನ್ನು ಪೂರ್ಣಗೊಳಿಸಿದ ಒಕ್ಕಲಿಗ, ಗೃಹಿಣಿ, ಕೂಲಿಕಾರರ ಹೆಸರುಗಳು ಎಲ್ಲಿಯೂ ಇಲ್ಲ. ಅವರು ಬಿಟ್ಟುಹೋದ ಪದಗಳು ಮಾತ್ರ ಇವೆ. ಆ ಪದಗಳ ಜಾಡು ಹಿಡಿದು ಅವರ ಪಾಲನ್ನು ಗುರುತಿಸುವುದು ಜಾನಪದ ಅಧ್ಯಯನದ ಕರ್ತವ್ಯ.