ಗೋಲುಗಳ ಸುರಿಮಳೆ, ಆದರೂ ಸೋಲು

ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ತಂಡಕ್ಕೆ ಯಾವ ಸ್ಥಾನ ದೊರೆಯಬೇಕು? ಮೊದಲನೆಯದು, ತಪ್ಪಿದರೆ ಎರಡನೆಯದು ಎಂದು ನೀವು ಹೇಳಬಹುದು. ಆದರೆ ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯಲ್ಲಿ ಅಂಥ ತಂಡವೊಂದು 22 ತಂಡಗಳ ಪೈಕಿ 21ನೆಯ ಸ್ಥಾನಕ್ಕೆ ಕುಸಿದದ್ದುಂಟು. ಹಿಂದಿನ ವರ್ಷ ಚಾಂಪಿಯನ್ ಆಗಿದ್ದುದೂ ಅದೇ ತಂಡ! ಅದರ ಹೆಸರು ಮ್ಯಾಂಚೆಸ್ಟರ್ ಸಿಟಿ.

1936-37ರಲ್ಲಿ ಸಿಟಿ ತಂಡ ಮೊದಲ ಬಾರಿಗೆ ಲೀಗ್ ಪ್ರಶಸ್ತಿ ಗೆದ್ದಿತು. ಆಗ ಗೆಲುವಿಗೆ 2 ಅಂಕ, ಸಮ ಮಾಡಿಕೊಂಡರೆ 1 ಅಂಕ. ಕೊನೆಯ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಅದು ಒಟ್ಟು 57 ಅಂಕ ಗಳಿಸಿತು. ಹೊಡೆದ ಗೋಲು 107, ಬಿಟ್ಟುಕೊಟ್ಟದ್ದು 61.

ಮರುವರ್ಷವೂ ಗೋಲುರಕ್ಷಕ ಫ್ರ್ಯಾಂಕ್ ಸ್ವಿಫ್ಟ್, ಮುನ್ಪಡೆಯ ಪೀಟರ್ ಡೊಹರ್ಟಿ, ಎರಿಕ್ ಬ್ರೂಕ್ ತಂಡದಲ್ಲಿದ್ದರು. ವ್ಯವಸ್ಥಾಪಕ ವಿಲ್ಫ್ ವೈಲ್ಡ್ ಕೂಡ ಬದಲಾಗಿರಲಿಲ್ಲ. ತಂಡ 80 ಗೋಲು ಹೊಡೆಯಿತು. ಪ್ರಶಸ್ತಿ ಗೆದ್ದ ಆರ್ಸೆನಲ್ ಹೊಡೆದದ್ದು 77 ಮಾತ್ರ. ಹಾಗಾದರೆ ಸಿಟಿ ಎಡವಿದ್ದೆಲ್ಲಿ?

ಉತ್ತರ ಅಂಕಪಟ್ಟಿಯಲ್ಲೇ ಇದೆ. ಅದೇ ವರ್ಷ 20ನೆಯ ಸ್ಥಾನದಲ್ಲಿ ಉಳಿದುಕೊಂಡ ಗ್ರಿಮ್ಸ್‌ಬಿ ಟೌನ್ ತಂಡವನ್ನು ಪಕ್ಕದಲ್ಲಿಟ್ಟು ನೋಡಿ. ಅದು ಹೊಡೆದದ್ದು ಕೇವಲ 51 ಗೋಲು. ಗೆದ್ದದ್ದು 13 ಪಂದ್ಯ. ಸಿಟಿ ಗೆದ್ದದ್ದು 14. ಆದರೆ ಗ್ರಿಮ್ಸ್‌ಬಿ 12 ಪಂದ್ಯಗಳನ್ನು ಸಮ ಮಾಡಿಕೊಂಡು 38 ಅಂಕ ಕೂಡಿಸಿತು. ಸಿಟಿ 8 ಪಂದ್ಯಗಳನ್ನು ಸಮ ಮಾಡಿಕೊಂಡು 20ರಲ್ಲಿ ಸೋತಿತು. ಅದಕ್ಕೆ ಸಿಕ್ಕಿದ್ದು 36 ಅಂಕ. ಒಂದು ದಿನ ಏಳು ಗೋಲು ಹೊಡೆದರೂ ಸಿಗುವುದು ಎರಡೇ ಅಂಕ. ಇಂದು ಮಿಕ್ಕ ಗೋಲನ್ನು ನಾಳಿನ ಪಂದ್ಯಕ್ಕೆ ಎತ್ತಿಟ್ಟುಕೊಳ್ಳಲಾಗದು. ಇತ್ತ ರಕ್ಷಣೆಯೂ ಸಡಿಲಗೊಂಡು, ಬಿಟ್ಟುಕೊಟ್ಟ ಗೋಲುಗಳು 77ಕ್ಕೆ ಏರಿದ್ದವು.

ಆ ವರ್ಷ ತಂಡಗಳ ನಡುವೆ ಅಂತರವೂ ಬಹಳ ಕಿರಿದಾಗಿತ್ತು. ಮೊದಲ ಸ್ಥಾನಕ್ಕೂ ಕೊನೆಯ ಸ್ಥಾನಕ್ಕೂ ಇದ್ದ ವ್ಯತ್ಯಾಸ 16 ಅಂಕ ಮಾತ್ರ. 1938ರ ಮೇ 7ರಂದು ಹಡರ್ಸ್‌ಫೀಲ್ಡ್ ವಿರುದ್ಧ ಕೊನೆಯ ಪಂದ್ಯ. ಗೆದ್ದಿದ್ದರೆ ಸಿಟಿಗೂ 38 ಅಂಕವಾಗಿ, ಗೋಲು ಸರಾಸರಿಯ ಬಲದಿಂದ ಅದು ಉಳಿದುಕೊಳ್ಳುತ್ತಿತ್ತು. ಆದರೆ ಎಂಬತ್ತು ಗೋಲಿನ ತಂಡಕ್ಕೆ ಅಂದು ಒಂದು ಗೋಲೂ ದಕ್ಕಲಿಲ್ಲ. 0-1ರಿಂದ ಸೋತು ಎರಡನೆಯ ವಿಭಾಗಕ್ಕೆ ಇಳಿಯಿತು.

ಮರುವರ್ಷವೇ ಹೀಗೆ ಕೆಳಗಿಳಿದ ಚಾಂಪಿಯನ್ ತಂಡ ಇಂಗ್ಲೆಂಡಿನಲ್ಲಿ ಇಂದಿಗೂ ಇದೊಂದೇ. ನಡುವೆ ಮಹಾಯುದ್ಧ ಬಂದು ಲೀಗ್ ನಿಂತಿತು. ಸಿಟಿ ಮೇಲಿನ ವಿಭಾಗಕ್ಕೆ ಮರಳಿದ್ದು 1947ರಲ್ಲಿ. ಮತ್ತೆ ಚಾಂಪಿಯನ್ ಆದದ್ದು 1968ರಲ್ಲಿ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಿಮಗೆ ಗೊತ್ತು. ಗ್ರಿಮ್ಸ್‌ಬಿ ಉಳಿದದ್ದು ಹಾಗೆ. ಸಿಟಿಯದು ಬಿರುಮಳೆ, ಸುರಿದಷ್ಟೂ ಹರಿದುಹೋಯಿತು.