ನೂರಕ್ಕೆ ಐವತ್ನಾಲ್ಕು

ಮಗಳ ಸ್ಕೂಲಿನಲ್ಲಿ ಈ ವರ್ಷ ಒಂದು ನಾಟಕ ಓದಿಸುತ್ತಿದ್ದಾರೆ, ‘ಎ ರೈಸಿನ್ ಇನ್ ದ ಸನ್’. ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. “ಅಪ್ಪಾ, ಮನೆ ಕೊಂಡುಕೊಂಡವರ ಹತ್ರ ಬಂದು, ನೀವು ಇಲ್ಲಿಗೆ ಬರಬೇಡಿ, ನಾವೇ ಜಾಸ್ತಿ ದುಡ್ಡು ಕೊಟ್ಟು ವಾಪಸ್ ತಗೋತೀವಿ ಅಂತ ಯಾರಾದ್ರೂ ಹೇಳ್ತಾರಾ?” ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ನಾಟಕ ಅಲ್ವಾ ಪುಟ್ಟಿ, ಎಂದು ಜಾರಿಕೊಂಡೆ.

ಆಮೇಲೆ ನೋಡಿದರೆ, ಅದು ನಾವಿರುವ ಶಿಕಾಗೋದ್ದೇ ಕತೆ. ವಿವೇಕಾನಂದರ 1893ರ ಭಾಷಣ, 1871ರ ಬೆಂಕಿ ನಮಗೆಲ್ಲ ಬಾಯಿಪಾಠ. ಈ ನಾಟಕ ಬರೆದ ಲೊರೇನ್ ಹ್ಯಾನ್ಸ್‌ಬೆರಿ ಎಂಬ ಹೆಸರು ಮಾತ್ರ ಇಷ್ಟು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅವರು ಹುಟ್ಟಿದ್ದು 1930ರ ಮೇ 19ರಂದು, ಇದೇ ಊರಿನಲ್ಲಿ. ಅಪ್ಪ ಕಾರ್ಲ್ ದೊಡ್ಡ ಮನೆಗಳನ್ನು ಚಿಕ್ಕಚಿಕ್ಕದಾಗಿ ಒಡೆದು ಕಪ್ಪು ಜನರಿಗೆ ಬಾಡಿಗೆಗೆ ಕೊಟ್ಟು ಕಾಸು ಮಾಡಿದವರು. ಆ ಇಕ್ಕಟ್ಟಿನ ಲಾಭ ಅವರಿಗೂ ಸಿಕ್ಕಿತ್ತೆನ್ನಿ. 1937ರಲ್ಲಿ ಅವರು ಬಿಳಿಯರಷ್ಟೇ ಇದ್ದ ಬೀದಿಯಲ್ಲಿ, 6140 ಸೌತ್ ರೋಡ್ಸ್ ಅವೆನ್ಯೂನಲ್ಲಿ, ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆ ಕೊಂಡರು. ಜನ ಗುಂಪುಗೂಡಿದರು. ಕಿಟಕಿಯಿಂದ ತೂರಿಬಂದ ಕಲ್ಲು ಪುಟ್ಟ ಲೊರೇನ್ ತಲೆಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಮನೆ ಬಿಡಿಸಲು ನೆರೆಯವರು ಹಾಕಿದ್ದ ಕೇಸಿಗಾಗಿ ಕಾರ್ಲ್ ಓಡಾಡುತ್ತಿದ್ದಾಗ ತಾಯಿ ನ್ಯಾನಿ ಗುಂಡು ತುಂಬಿದ ಜರ್ಮನ್ ಪಿಸ್ತೂಲು ಹಿಡಿದು ರಾತ್ರಿಯಿಡೀ ಮನೆ ಕಾಯುತ್ತಿದ್ದರಂತೆ.

ಚಿತ್ರದುರ್ಗದವನಿಗೆ ಇಲ್ಲಿ ಯಾರು ನೆನಪಾಗುತ್ತಾರೆಂದು ಹೇಳಬೇಕಿಲ್ಲ. ಓಬವ್ವ, ಕಿಂಡಿ, ಒನಕೆ ಎಂದೆಲ್ಲ ಒಂದು ಪುಟ ಬರೆದೂ ಬಿಟ್ಟಿದ್ದೆ. ಬೆಳಿಗ್ಗೆ ಓದಿ ಹರಿದು ಹಾಕಿದೆ. ಓಬವ್ವನ ಎದುರಿಗಿದ್ದದ್ದು ಹೈದರಾಲಿಯ ಸೈನ್ಯ. ನ್ಯಾನಿಯ ಎದುರಿಗಿದ್ದವರು ಪಕ್ಕದ ಮನೆಯವರು.

ನನ್ನನ್ನು ಹಿಡಿದು ಕೂರಿಸಿದ್ದು ಆ ಕೇಸು. ಆ ಬಡಾವಣೆಯ ಮನೆ ಮಾಲೀಕರು, ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಕರಾರು ಬರೆದುಕೊಂಡಿದ್ದರು. ಅದು ಜಾರಿಗೆ ಬರಬೇಕಾದರೆ, ರಸ್ತೆಗೆ ತಾಗಿದ ಜಾಗದ ಅಳತೆಯಲ್ಲಿ ನೂರಕ್ಕೆ 95 ಭಾಗದ ಮಾಲೀಕರು ರುಜು ಹಾಕಿರಬೇಕು. ಹಿಂದಿನ ಒಂದು ಕೇಸಿನಲ್ಲಿ ಎರಡೂ ಕಡೆಯವರು ‘95 ಆಗಿದೆ’ ಎಂದು ಒಪ್ಪಿಕೊಂಡಿದ್ದರು. ಕೋರ್ಟು ಎಣಿಸಲಿಲ್ಲ. ಈ ಸಲ ಎಣಿಸಿದರೆ ಸುಮಾರು 54! ಆದರೂ ಇಲಿನಾಯ್ ಸುಪ್ರೀಂ ಕೋರ್ಟು, ಹಿಂದೆಯೇ ತೀರ್ಪಾಗಿದೆ, ಮುಗಿಯಿತು ಎಂದುಬಿಟ್ಟಿತು. ಇನ್ನೂ ಸ್ವಾರಸ್ಯವೆಂದರೆ, ಆ ಹಿಂದಿನ ಕೇಸು ಹಾಕಿದ್ದಾಕೆಯ ಗಂಡ ಬರ್ಕ್ ಎಂಬಾತ ಮಾಲೀಕರ ಸಂಘದೊಂದಿಗೆ ಜಗಳವಾಡಿಕೊಂಡು, ಹ್ಯಾನ್ಸ್‌ಬೆರಿಗೆ ಮನೆ ಸಿಗುವಂತೆ ಒಳಗಿಂದೊಳಗೆ ನೆರವಾಗಿದ್ದ. ಸಂಘ ಕಟ್ಟಿದವರಿಗೆ ಇದೇನೂ ಹೊಸದಲ್ಲ ಬಿಡಿ.

1940ರ ನವೆಂಬರ್ 12ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕಾರ್ಲ್ ಗೆದ್ದರು. ಆದರೆ ಕರಾರು ತಪ್ಪೆಂದು ಅಲ್ಲ. ಹಳೆಯ ಕೇಸಿನಲ್ಲಿ ಪಕ್ಷಕಾರರಾಗಿರದವರನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ ಎಂದು. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದಾಗಲು 1948 ಬರಬೇಕಾಯಿತು. ಕಾರ್ಲ್ ಅಷ್ಟರಲ್ಲಿ ಬೇಸತ್ತು, ಸಂಸಾರವನ್ನು ಮೆಕ್ಸಿಕೋಗೆ ಸಾಗಿಸುವ ಏರ್ಪಾಡಿನಲ್ಲಿದ್ದಾಗ 1946ರಲ್ಲಿ ಅಲ್ಲೇ ತೀರಿಕೊಂಡಿದ್ದರು.

ಲೊರೇನ್ ನ್ಯೂಯಾರ್ಕಿಗೆ ಹೋಗಿ ಗಾಯಕ ಪಾಲ್ ರೋಬ್ಸನ್ನರ ‘ಫ್ರೀಡಂ’ ಪತ್ರಿಕೆಯಲ್ಲಿ ಬರೆದರು. ರೋಬ್ಸನ್ನರಿಗೆ ಪಾಸ್‌ಪೋರ್ಟ್ ಇಲ್ಲವೆಂದು 1952ರಲ್ಲಿ ಅವರ ಬದಲು ಉರುಗ್ವೆಯ ಶಾಂತಿ ಸಮ್ಮೇಳನಕ್ಕೆ ಹೋಗಿಬಂದು ತಮ್ಮ ಪಾಸ್‌ಪೋರ್ಟನ್ನೂ ಕಳೆದುಕೊಂಡರು. ಎಫ್‌ಬಿಐ ಹಿಂದೆ ಬಿತ್ತು. ನಾಟಕ ಬ್ರಾಡ್‌ವೇಗೆ ಬರುವ ಮೊದಲೇ ಒಬ್ಬ ಏಜೆಂಟು ಫಿಲಡೆಲ್ಫಿಯಾದಲ್ಲಿ ಅದನ್ನು ನೋಡಿ, ಕಮ್ಯುನಿಸ್ಟ್ ಪ್ರಚಾರವೇನೂ ಕಾಣಲಿಲ್ಲವೆಂದು ವರದಿ ಬರೆದ. 1959ರ ಮಾರ್ಚ್ 11ರಂದು ಅದು ಬ್ರಾಡ್‌ವೇ ಏರಿ 530 ಪ್ರದರ್ಶನ ಕಂಡಿತು. ಕಪ್ಪು ಮಹಿಳೆಯೊಬ್ಬರ ನಾಟಕ ಅಲ್ಲಿಗೆ ಹೋದದ್ದು ಅದೇ ಮೊದಲು. ಲೊರೇನ್ 1965ರ ಜನವರಿ 12ರಂದು, 34ನೇ ವಯಸ್ಸಿಗೇ, ಕ್ಯಾನ್ಸರಿನಿಂದ ತೀರಿಕೊಂಡರು.

ಊರಿನ ನಂಟು ಹುಡುಕಿ ಓಬವ್ವನನ್ನು ಕೈಬಿಟ್ಟ ಮೇಲೆ ನನಗೆ ಉಳಿದದ್ದು ಇನ್ನೊಂದು. ಡಿಗ್ರಿ ಓದಲು ಹೊಳಲ್ಕೆರೆಯಿಂದ ದುರ್ಗಕ್ಕೆ ಬಂದಿದ್ದೆ. ಹಿರಿಯೂರಿನ ಗೆಳೆಯನೊಬ್ಬನ ಜೊತೆ ರೂಮು ಹುಡುಕುತ್ತಿದ್ದೆ. ಮನೆಯವರು ನೀರು ಕೊಟ್ಟು, “ನೀವು ಯಾವ ಪೈಕಿ?” ಎಂದರು. ನಾನು ಹೇಳಿದೆ. ಅವನೂ ಹೇಳಿದ. ಲೋಟ ವಾಪಸ್ ತೆಗೆದುಕೊಳ್ಳುತ್ತಾ, “ರೂಮು ಒಬ್ಬರಿಗೇ ಸಾಕಾಗೋದು ಕಣಪ್ಪ” ಎಂದರು. ರೂಮಿನಲ್ಲಿ ಎರಡು ಮಂಚ ಇದ್ದವು. ಅಲ್ಲಿ ಯಾರೂ ರುಜು ಹಾಕಿರಲಿಲ್ಲ, ಎಣಿಸುವುದಕ್ಕೆ ಕಾಗದವೇ ಇರಲಿಲ್ಲ. ಆ ರೂಮಿನಲ್ಲಿ ನಾನು ಎರಡು ವರ್ಷ ಇದ್ದೆ. ಮಗಳಿಗೆ ಇದನ್ನೂ ಹೇಳಿದೆ.

ಮಕ್ಕಳನ್ನು ಶಿಕಾಗೋದ ಸೈನ್ಸ್ ಮ್ಯೂಸಿಯಂಗೆ ಕರೆದೊಯ್ಯುವವರು ಸ್ವಲ್ಪ ಬಳಸಿ ಹ್ಯಾನ್ಸ್‌ಬೆರಿಯವರ ಆ ಮನೆಯ ಮುಂದೆ ಹೋಗಿಬನ್ನಿ. 2010ರಲ್ಲಿ ನಗರ ಅದನ್ನು ಸ್ಮಾರಕವೆಂದು ಘೋಷಿಸಿದೆ. ಆದರೂ ಖಾಸಗಿ ಮನೆ, ಬೆಲ್ ಒತ್ತಬೇಡಿ. ಮುಂದಿನ ಯುಗಾದಿಗೆ ಈ ನಾಟಕವನ್ನು ಅನುಮತಿ ಪಡೆದು ಕನ್ನಡದಲ್ಲಿ ಆಡೋಣವೆಂದು ನನ್ನಾಸೆ. ಅನುವಾದಕ್ಕೆ ಕೈಜೋಡಿಸುವವರು ಸಂಪಾದಕರಿಗೆ ತಿಳಿಸಿ.